ಊರಿಗೆ ಹೊರಟಾಗ ನಾಯಿಯನ್ನು ಬಿಡುವುದೆಲ್ಲಿ? ವಸತಿ ಕೇಂದ್ರ ಆರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ದಸರಾ ರಜೆ, ದೀಪಾವಳಿ, ವರ್ಷಾಂತ್ಯ, ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆ. ನಗರವಾಸಿಗಳು ಊರಿಗೆ, ಪ್ರವಾಸಕ್ಕೆ, ಮದುವೆ-ಮುಂಜಿಗಳಿಗೆ ಮನೆಗೆ ಬೀಗ ಹಾಕಿ ಹೊರಡುವ ದಿನಗಳಿವು. ರೈಲಿನ ಟಿಕೆಟು, ಹೋಟೆಲಿನ ಕೊಠಡಿ ಎಲ್ಲವೂ ತಿಂಗಳ ಮೊದಲೇ ಸಿದ್ಧವಾಗಿರುತ್ತವೆ. ಮನೆಯ ನಾಯಿಯನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಮಾತ್ರ ಬಹುಪಾಲು ಮನೆಗಳಲ್ಲಿ ಕೊನೆಯ ವಾರದಲ್ಲಿ ಏಳುತ್ತದೆ.

ಕೂಡುಕುಟುಂಬಗಳಿದ್ದ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಮನೆಯಲ್ಲಿ ಯಾರಾದರೂ ಉಳಿಯುತ್ತಿದ್ದರು. ಇಲ್ಲವಾದರೆ ಪಕ್ಕದ ಮನೆಯವರು ಎರಡು ಹೊತ್ತು ಅನ್ನ ಹಾಕುತ್ತಿದ್ದರು. ಗಂಡ-ಹೆಂಡಿರಿಬ್ಬರೂ ದುಡಿಯುವ, ಎದುರು ಬಾಗಿಲಿನವರ ಪರಿಚಯವೂ ಇಲ್ಲದ ಬಹುಮಹಡಿ ಕಟ್ಟಡಗಳ ಬದುಕಿನಲ್ಲಿ ಆ ಆಸರೆ ತಪ್ಪಿದೆ. ಆ ಜಾಗವನ್ನು ತುಂಬಲು ಬೆಂಗಳೂರು ಮಾತ್ರವಲ್ಲದೆ ರಾಜ್ಯದ ಇತರ ನಗರಗಳಲ್ಲಿಯೂ 'ಡಾಗ್ ಬೋರ್ಡಿಂಗ್', 'ಪೆಟ್ ಹಾಸ್ಟೆಲ್' ಎಂಬ ಫಲಕ ಹೊತ್ತ ನಾಯಿ ವಸತಿ ಕೇಂದ್ರಗಳು ತಲೆಯೆತ್ತಿವೆ. ದಿನವೊಂದಕ್ಕೆ ಕೆಲವು ನೂರು ರೂಪಾಯಿಗಳಿಂದ ಹಿಡಿದು ಸಾವಿರ ದಾಟುವವರೆಗೂ ದರವಿದೆ.

ಆದರೆ ಈ ವ್ಯವಹಾರ ಉಳಿದ ಸೇವೆಗಳಂತಲ್ಲ. ಹೋಟೆಲಿನಲ್ಲಿ ಅನ್ನ ಹಳಸಿದ್ದರೆ ಗಿರಾಕಿ ಅಲ್ಲಿಯೇ ಕೇಳುತ್ತಾನೆ. ಶಾಲೆಯಲ್ಲಿ ಏಟು ಬಿದ್ದರೆ ಮಗು ಮನೆಗೆ ಬಂದು ಹೇಳುತ್ತದೆ. ನಾಯಿಗೆ ಈ ಎರಡೂ ಸಾಧ್ಯವಿಲ್ಲ. ಹತ್ತು ದಿನ ಸರಪಳಿಯಲ್ಲಿಯೇ ಕಟ್ಟಿಹಾಕಿದ್ದರೂ, ನೀರಿನ ಬಟ್ಟಲು ಖಾಲಿಯಿದ್ದರೂ ಅದು ದೂರು ಹೇಳಲಾರದು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬಿಡುವ ಮೊದಲೇ ಕೇಳಿ ಮುಗಿಸಬೇಕು. ಆಮೇಲೆ ಕೇಳುವುದೆಂದರೆ ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಾಲ್ಕು ಬಗೆಯ ವ್ಯವಸ್ಥೆ

ನಗರಗಳಲ್ಲಿ ಸದ್ಯ ಲಭ್ಯವಿರುವ ವ್ಯವಸ್ಥೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕೆನಲ್. ಸಾಮಾನ್ಯವಾಗಿ ಊರ ಹೊರವಲಯದ ತೋಟ ಅಥವಾ ನಿವೇಶನದಲ್ಲಿ ಸಾಲುಗೂಡುಗಳನ್ನು ಕಟ್ಟಿ, ಓಡಾಡಲು ಬಯಲು ಬಿಟ್ಟಿರುತ್ತಾರೆ. ಜಾಗ ಹೆಚ್ಚು. ಆದರೆ ನಾಯಿಗಳ ಸಂಖ್ಯೆಯೂ ಹೆಚ್ಚು. ಪಶುವೈದ್ಯರು ದೂರ.

ಎರಡನೆಯದು ಮನೆಯಲ್ಲಿಯೇ ಇರಿಸಿಕೊಳ್ಳುವವರು. ನಾಯಿಪ್ರಿಯ ಕುಟುಂಬವೊಂದು ಮೂರು-ನಾಲ್ಕು ನಾಯಿಗಳನ್ನು ತಮ್ಮ ಮನೆಯೊಳಗೇ ನೋಡಿಕೊಳ್ಳುತ್ತದೆ. ಸೋಫಾದ ಪಕ್ಕ ಮಲಗಿ ಅಭ್ಯಾಸವಾದ ನಾಯಿಗೆ ಇದು ಹಿತ. ಆದರೆ ರಜೆಯ ದಿನಗಳಲ್ಲಿ ನಾಲ್ಕು ನಾಯಿಗಳ ಮನೆ ಹನ್ನೆರಡು ನಾಯಿಗಳ ಮನೆಯಾಗುವ ಸಂಭವವಿರುವುದರಿಂದ ಗರಿಷ್ಠ ಸಂಖ್ಯೆ ಎಷ್ಟೆಂದು ಮೊದಲೇ ಕೇಳಿಕೊಳ್ಳಬೇಕು.

ಮೂರನೆಯದು ಪಶುವೈದ್ಯಕೀಯ ಚಿಕಿತ್ಸಾಲಯಗಳಿಗೆ ಹೊಂದಿಕೊಂಡ ಕೊಠಡಿಗಳು. ದಿನವೂ ಔಷಧಿ, ಇನ್ಸುಲಿನ್ ಬೇಕಾದ ನಾಯಿಗೆ ಇದು ಸೂಕ್ತ. ಆದರೆ ರೋಗಪೀಡಿತ ನಾಯಿಗಳು ಬಂದುಹೋಗುವ ಜಾಗವಾದ್ದರಿಂದ ವಸತಿಯ ಭಾಗ ಚಿಕಿತ್ಸೆಯ ಭಾಗದಿಂದ ಸಂಪೂರ್ಣ ಬೇರೆಯಾಗಿದೆಯೇ ಎಂದು ನೋಡಬೇಕು. ಅನೇಕ ಕಡೆ ಪಂಜರದ ಅಳತೆ ಚಿಕ್ಕದು. ಎರಡು ದಿನಕ್ಕೆ ಸರಿ, ಎರಡು ವಾರಕ್ಕಲ್ಲ.

ನಾಲ್ಕನೆಯದು ನಿಮ್ಮ ಮನೆಗೇ ಬಂದು ನೋಡಿಕೊಳ್ಳುವವರು. ನಾಯಿಗೆ ಜಾಗ ಬದಲಾಗುವುದಿಲ್ಲ, ಬೇರೆ ನಾಯಿಗಳಿಂದ ರೋಗ ಅಂಟುವ ಭಯವೂ ಕಡಿಮೆ. ಆದರೆ ಮನೆಯ ಕೀಲಿಯನ್ನು ಒಪ್ಪಿಸಬೇಕಾದ್ದರಿಂದ ಗುರುತಿನ ದಾಖಲೆ, ಪರಿಚಯಸ್ಥರ ಭರವಸೆ ಎರಡೂ ಬೇಕು. ದಿನಕ್ಕೊಮ್ಮೆ ಬಂದು ಹೋಗುವರೋ, ರಾತ್ರಿ ಉಳಿಯುವರೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಇವುಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಮ್ಮ ನಾಯಿಯ ವಯಸ್ಸು, ಆರೋಗ್ಯ, ಸ್ವಭಾವಗಳೇ ಅದನ್ನು ನಿರ್ಧರಿಸಬೇಕು, ದರಪಟ್ಟಿಯಲ್ಲ.

ಲಸಿಕೆ ಕೇಳದ ಕೇಂದ್ರ ಬೇಡ

ನಾಯಿಗಳು ಒಂದೆಡೆ ಸೇರಿದಲ್ಲಿ ರೋಗಗಳೂ ಸೇರುತ್ತವೆ. ಇವುಗಳಲ್ಲಿ ಅತ್ಯಂತ ಭಯಂಕರವಾದುದು ಪಾರ್ವೊ ವೈರಸ್. ರಕ್ತಭೇದಿ, ವಾಂತಿಯಿಂದ ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಈ ವೈರಾಣು ಮಣ್ಣಿನಲ್ಲಿ, ನೆಲದ ಬಿರುಕುಗಳಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಸೋಪಿನ ನೀರಾಗಲೀ ಘಮಘಮಿಸುವ ದ್ರಾವಣವಾಗಲೀ ಇದನ್ನು ಕೊಲ್ಲಲಾರವು. ಬ್ಲೀಚ್‌ನಂತಹ ಪ್ರಬಲ ಸೋಂಕುನಿವಾರಕವೇ ಬೇಕು. ಹೀಗಾಗಿ 'ಗೂಡುಗಳನ್ನು ಯಾವುದರಿಂದ ತೊಳೆಯುತ್ತೀರಿ?' ಎಂಬುದು ಚಿಲ್ಲರೆ ಪ್ರಶ್ನೆಯಲ್ಲ.

ಡಿಸ್ಟೆಂಪರ್, ಹೆಪಟೈಟಿಸ್, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಅಥವಾ ಇಲಿಜ್ವರ ಇತರ ಅಪಾಯಗಳು. ಇಲಿಜ್ವರ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಗಳಲ್ಲಿ ಹೆಚ್ಚು. ನಾಯಿಯಿಂದ ಮನುಷ್ಯರಿಗೂ ಅಂಟಬಲ್ಲದು. ಈ ರೋಗಗಳ ವಿರುದ್ಧ ಒಂದೇ ಚುಚ್ಚುಮದ್ದಿನಲ್ಲಿ ರಕ್ಷಣೆ ನೀಡುವ ಸಂಯುಕ್ತ ಲಸಿಕೆಗಳು ಲಭ್ಯವಿವೆ. ರೇಬಿಸ್ ಲಸಿಕೆ ಪ್ರತ್ಯೇಕ. ಇವೆರಡರ ಜೊತೆಗೆ, ಹೆಚ್ಚು ನಾಯಿಗಳಿರುವಲ್ಲಿ ಬಿಡುವವರು 'ಕೆನಲ್ ಕಾಫ್' ಎಂಬ ಅಂಟುಕೆಮ್ಮಿನ ಲಸಿಕೆಯನ್ನೂ ಹಾಕಿಸುವುದು ಒಳ್ಳೆಯದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಣಕೆಮ್ಮು ಕೆಮ್ಮುವ ಈ ರೋಗಕ್ಕೆ ಆ ಹೆಸರು ಬಂದದ್ದೇ ಕೆನಲ್‌ಗಳಿಂದ.

ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಸಿಗುವುದಿಲ್ಲ ಎಂಬುದು ನೆನಪಿರಲಿ. ದೇಹದಲ್ಲಿ ಪ್ರತಿರೋಧ ಶಕ್ತಿ ಬೆಳೆಯಲು ಸಮಯ ಬೇಕು. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಬಾಕಿ ಲಸಿಕೆಗಳನ್ನು ಪೂರೈಸಬೇಕು. ಮೊದಲ ಸುತ್ತಿನ ಲಸಿಕೆಗಳು ಮುಗಿಯದ ಮರಿಯನ್ನು ಯಾವುದೇ ಸಾಮೂಹಿಕ ಕೇಂದ್ರದಲ್ಲಿ ಬಿಡಬಾರದು.

ಉಣ್ಣೆ ಮತ್ತು ಚಿಗಟಗಳ ವಿಚಾರವೂ ಇಷ್ಟೇ ಮುಖ್ಯ. ನಮ್ಮ ಹವೆಯಲ್ಲಿ ಉಣ್ಣೆಗಳು ವರ್ಷವಿಡೀ ಕಾಡುತ್ತವೆ. ಅವು ಹರಡುವ ಎರ್ಲಿಚಿಯಾ, ಬಬೇಸಿಯಾ ಜ್ವರಗಳು ಪ್ರಾಣಕ್ಕೇ ಕುತ್ತು ತರಬಲ್ಲವು. ಬಿಡುವ ಮುನ್ನ ಪಶುವೈದ್ಯರ ಸಲಹೆಯಂತೆ ಉಣ್ಣೆ ನಿವಾರಕ ಔಷಧಿ ಹಾಕಿಸಿ.

ಇಲ್ಲೊಂದು ಸುಲಭವಾದ ಪರೀಕ್ಷೆಯಿದೆ. ನೀವು ವಿಚಾರಿಸಲು ಹೋದಾಗ ಕೇಂದ್ರದವರು ಲಸಿಕೆ ಕಾರ್ಡನ್ನು ತಾವಾಗಿಯೇ ಕೇಳುತ್ತಾರೆಯೇ ಗಮನಿಸಿ. 'ಪರವಾಗಿಲ್ಲ ಸಾರ್, ಕರೆದುಕೊಂಡು ಬನ್ನಿ' ಎನ್ನುವವರು ಉಳಿದ ನಾಯಿಗಳ ಮಾಲೀಕರಿಗೂ ಅದನ್ನೇ ಹೇಳಿರುತ್ತಾರೆ. ನಿಮ್ಮ ನಾಯಿಯ ಪಕ್ಕದ ಗೂಡಿನಲ್ಲಿರುವುದು ಅಂಥದೊಂದು ನಾಯಿ.

ಕಣ್ಣಾರೆ ನೋಡಿ

ಅಂತರ್ಜಾಲದಲ್ಲಿ ಕಾಣುವ ಹಸಿರು ಹುಲ್ಲಿನ ಚಿತ್ರಗಳನ್ನೂ ಗ್ರಾಹಕರ ಮೆಚ್ಚುಗೆಯನ್ನೂ ನೆಚ್ಚಿ ನಾಯಿಯನ್ನು ಬಿಡಬಾರದು. ಕನಿಷ್ಠ ಒಮ್ಮೆ ನಾಯಿಯಿಲ್ಲದೆ ಹೋಗಿ, ಜಾಗವನ್ನು ಪೂರ್ತಿ ನೋಡಬೇಕು. ಸಾಧ್ಯವಾದರೆ ಮುನ್ಸೂಚನೆಯಿಲ್ಲದೆ ಹೋಗಿ. ಸಂದರ್ಶನಕ್ಕೆ ನಿಗದಿತ ಸಮಯವಿರುವುದು ತಪ್ಪಲ್ಲ. ಆದರೆ ನಾಯಿಗಳು ಮಲಗುವ ಜಾಗವನ್ನು ಯಾವ ಸಮಯದಲ್ಲಿಯೂ ತೋರಿಸಲೊಪ್ಪದ ಕೇಂದ್ರದಿಂದ ಹಿಂದಿರುಗುವುದೇ ಲೇಸು.

ಒಳಗೆ ಕಾಲಿಟ್ಟಾಗ ಮೊದಲು ಮೂಗಿಗೆ ಕೆಲಸ ಕೊಡಿ. ನಾಯಿಗಳಿರುವ ಜಾಗದಲ್ಲಿ ನಾಯಿಯ ವಾಸನೆ ಸಹಜ. ಕಣ್ಣುರಿಸುವಷ್ಟು ಮೂತ್ರದ ಘಾಟು ಸಹಜವಲ್ಲ. ನೀರಿನ ಬಟ್ಟಲುಗಳಲ್ಲಿ ನೀರಿದೆಯೇ, ಪಾಚಿಯಿದೆಯೇ ನೋಡಿ. ನೆಲ ಇಳಿಜಾರಾಗಿದ್ದು, ತೊಳೆದ ನೀರು ಪಕ್ಕದ ಗೂಡಿಗೆ ಹರಿಯದೆ ಚರಂಡಿ ಸೇರುತ್ತದೆಯೇ ಗಮನಿಸಿ. ನಾಯಿ ಎದ್ದು ನಿಂತು, ಸುತ್ತು ತಿರುಗಿ, ಕೈಕಾಲು ಚಾಚಿ ಮಲಗುವಷ್ಟಾದರೂ ಗೂಡು ದೊಡ್ಡದಿರಬೇಕು. ಬರಿಯ ಸಿಮೆಂಟ್ ನೆಲದ ಮೇಲೆ ಹಾಸಿಗೆ ಅಥವಾ ಮಣೆ ಇರಬೇಕು.

ಅಲ್ಲಿರುವ ನಾಯಿಗಳೇ ಅತ್ಯುತ್ತಮ ಸಾಕ್ಷಿಗಳು. ಹೊಸಬರನ್ನು ಕಂಡು ಬೊಗಳುವುದು, ಬಾಲ ಅಲ್ಲಾಡಿಸುವುದು ಒಳ್ಳೆಯ ಲಕ್ಷಣ. ಮೂಲೆ ಹಿಡಿದು ಮುದುಡಿದ, ಕೆಲಸಗಾರ ಕೈ ಎತ್ತಿದೊಡನೆ ಕುಗ್ಗುವ ನಾಯಿಗಳು ಒಂದಕ್ಕಿಂತ ಹೆಚ್ಚು ಕಂಡರೆ ಮುಂದಿನ ಪ್ರಶ್ನೆಗಳ ಅಗತ್ಯವಿಲ್ಲ.

ಅನಂತರ ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು. ರಾತ್ರಿ ಇಲ್ಲಿ ಯಾರು ಮಲಗುತ್ತಾರೆ? ಹಗಲು ನಾಲ್ಕು ಮಂದಿ ಓಡಾಡುವ ಕೇಂದ್ರದಲ್ಲಿ ರಾತ್ರಿ ಗೇಟಿನ ಕಾವಲುಗಾರನ ಹೊರತು ಯಾರೂ ಇಲ್ಲದಿರಬಹುದು. ಒಬ್ಬ ಕೆಲಸಗಾರನಿಗೆ ಎಷ್ಟು ನಾಯಿಗಳು? ದಿನಕ್ಕೆ ಎಷ್ಟು ಹೊತ್ತು ಗೂಡಿನಿಂದ ಹೊರಗೆ ಬಿಡುತ್ತೀರಿ? ದೊಡ್ಡ ನಾಯಿ, ಚಿಕ್ಕ ನಾಯಿಗಳನ್ನು ಒಟ್ಟಿಗೇ ಬಿಡುತ್ತೀರಾ? ಕಾಯಿಲೆ ಬಿದ್ದ ನಾಯಿಯನ್ನು ಇರಿಸಲು ಪ್ರತ್ಯೇಕ ಕೊಠಡಿ ಇದೆಯೇ? ಕರೆದೊಡನೆ ಬರುವ ಪಶುವೈದ್ಯರು ಯಾರು, ಅವರ ಚಿಕಿತ್ಸಾಲಯ ಎಷ್ಟು ನಿಮಿಷದ ದಾರಿ, ರಾತ್ರಿ ಎರಡು ಗಂಟೆಗೆ ಏನು ಮಾಡುತ್ತೀರಿ?

ಬೇಲಿಯನ್ನು ಮರೆಯದೆ ಪರೀಕ್ಷಿಸಿ. ಅಪರಿಚಿತ ಜಾಗದಲ್ಲಿ ಮೊದಲ ದಿನಗಳಲ್ಲಿ ಮನೆ ಹುಡುಕಿಕೊಂಡು ಓಡುವ ಪ್ರವೃತ್ತಿ ನಾಯಿಗಳಲ್ಲಿ ಸಾಮಾನ್ಯ. ಗೇಟು ತೆರೆದಾಗ ನೇರ ರಸ್ತೆಗೇ ದಾರಿಯೋ, ನಡುವೆ ಇನ್ನೊಂದು ಬಾಗಿಲಿದೆಯೋ ನೋಡಿ. ಎರಡು ಬಾಗಿಲುಗಳಿದ್ದರೆ ಒಂದನ್ನು ಮರೆತರೂ ಇನ್ನೊಂದು ಕಾಯುತ್ತದೆ. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯ ಮುಧೋಳ ನಾಯಿಯನ್ನು ಸಾಕಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ತಳಿ ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಸಿಕೊಂಡು ಓಡಲೆಂದೇ ರೂಪುಗೊಂಡದ್ದು. ಆಳೆತ್ತರವಿಲ್ಲದ ಬೇಲಿ ಅದಕ್ಕೆ ಬೇಲಿಯೇ ಅಲ್ಲ. ಇಡೀ ದಿನ ಗೂಡಿನಲ್ಲಿ ಕೂಡಿಹಾಕುವುದೂ ಅದಕ್ಕೆ ಸಲ್ಲದು.

ಬಿಸಿಲು ಮತ್ತು ಪಟಾಕಿ

ನಮ್ಮ ರಜೆಗಳಲ್ಲಿ ಎರಡು ನಾಯಿಗಳ ಪಾಲಿಗೆ ಕಷ್ಟದ ಕಾಲಗಳು. ಬೇಸಿಗೆ ಮೊದಲನೆಯದು. ನಾಯಿ ಮನುಷ್ಯರಂತೆ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು ದೇಹದ ಬಿಸಿಯನ್ನು ಹೊರಹಾಕುತ್ತದೆ. ಅದರ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106 ಡಿಗ್ರಿಯತ್ತ ಏರಿದರೆ ಅಂಗಾಂಗಗಳು ಹಾಳಾಗತೊಡಗುತ್ತವೆ. ಪಗ್, ಬುಲ್‌ಡಾಗ್, ಶಿಟ್ಜು ಮುಂತಾದ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಾಟದ ದಾರಿಯೇ ಕಿರಿದಾದ್ದರಿಂದ ಅಪಾಯ ಹಲವು ಪಟ್ಟು. ತಗಡಿನ ಚಾವಣಿಯ ಗೂಡು ಮೇ ತಿಂಗಳ ಮಧ್ಯಾಹ್ನದಲ್ಲಿ ಒಲೆಯಾಗುತ್ತದೆ. ಆದ್ದರಿಂದ ಕೇಂದ್ರವನ್ನು ತಂಪು ಹೊತ್ತಿನಲ್ಲಿ ನೋಡಿ ಬರಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಗೂಡಿನೊಳಗೆ ಐದು ನಿಮಿಷ ನಿಂತು ನೋಡಿ. ವಿದ್ಯುತ್ ಹೋದರೆ ಫ್ಯಾನುಗಳಿಗೆ ಬದಲಿ ವ್ಯವಸ್ಥೆಯಿದೆಯೇ ವಿಚಾರಿಸಿ.

ಎರಡನೆಯದು ದೀಪಾವಳಿ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯಂದು ಪಟಾಕಿ ಸಿಡಿಸುವುದನ್ನು ರಾತ್ರಿ 8ರಿಂದ 10 ಗಂಟೆಗೆ ಸೀಮಿತಗೊಳಿಸಿ ಆದೇಶಿಸಿತ್ತು. ಆದರೂ ಹಬ್ಬದ ಮೂರು ದಿನ ಬೀದಿಗಳಲ್ಲಿ ಸದ್ದು ಯಾವಾಗ ಏಳುತ್ತದೆಂದು ಹೇಳಲಾಗದು. ಮನೆಯವರ ಮಡಿಲಲ್ಲಿಯೇ ನಡುಗುವ ನಾಯಿ ಅಪರಿಚಿತರ ನಡುವೆ ಗೋಡೆ ಹಾರಲು ಯತ್ನಿಸಬಹುದು. ಪಟಾಕಿಗೆ ತೀವ್ರವಾಗಿ ಹೆದರುವ ನಾಯಿಯಿದ್ದರೆ ಆ ದಿನಗಳ ಪ್ರವಾಸವನ್ನೇ ಮುಂದೂಡುವುದು ವಿವೇಕ. ಸಾಧ್ಯವೇ ಇಲ್ಲವೆಂದಾದರೆ ಸಂಜೆಯಾದೊಡನೆ ನಾಯಿಗಳನ್ನು ಗೋಡೆ-ಬಾಗಿಲುಗಳಿರುವ ಕೋಣೆಯೊಳಗೆ ಸೇರಿಸುವ ಕೇಂದ್ರವನ್ನೇ ಹುಡುಕಬೇಕು.

ಊಟ ಮತ್ತು ಔಷಧಿ

ಜಾಗ ಬದಲಾದ ಒತ್ತಡವೊಂದೇ ನಾಯಿಯ ಹೊಟ್ಟೆ ಕೆಡಿಸಲು ಸಾಕು. ಅದರ ಜೊತೆಗೆ ಆಹಾರವೂ ಬದಲಾದರೆ ಭೇದಿ ಖಚಿತ. ಮನೆಯಲ್ಲಿ ರಾಗಿಮುದ್ದೆ, ಮೊಸರನ್ನ ತಿನ್ನುವ ನಾಯಿಗೆ ಅಲ್ಲಿ ಇದ್ದಕ್ಕಿದ್ದಂತೆ ಪೊಟ್ಟಣದ ಆಹಾರ ಹಾಕಿದರೂ ಕಷ್ಟ, ಪೊಟ್ಟಣದ ಆಹಾರ ತಿನ್ನುವ ನಾಯಿಗೆ ಕೋಳಿ ಅನ್ನ ಹಾಕಿದರೂ ಕಷ್ಟ. ಇರುವ ದಿನಗಳಿಗೆ ಸಾಕಾಗುವಷ್ಟು, ಮೇಲೆ ಎರಡು ದಿನಕ್ಕೆ ಹೆಚ್ಚಾಗಿ ಅದರದೇ ಆಹಾರವನ್ನು ಕಟ್ಟಿಕೊಡಿ. ಅಡುಗೆ ಮಾಡಿ ಹಾಕಬೇಕಾದಲ್ಲಿ ಏನು, ಎಷ್ಟು, ಯಾವ ಹೊತ್ತಿಗೆ ಎಂದು ಬರೆದುಕೊಡಿ.

ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗಳಿಗೆ ವಿಷ. ಹಬ್ಬದ ದಿನ ಪ್ರೀತಿಯಿಂದ ಹಾಕಿದ ಪಾಯಸವೂ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದೆಂಬುದು ನೋಡಿಕೊಳ್ಳುವವರಿಗೆ ತಿಳಿದಿರಬೇಕು. ಅದೇ ರೀತಿ, ಜ್ವರ ಬಂದಾಗ ಮನುಷ್ಯರ ಮಾತ್ರೆ ನುಂಗಿಸುವ ಅಭ್ಯಾಸ ಅತ್ಯಂತ ಅಪಾಯಕಾರಿ. ಐಬುಪ್ರೊಫೆನ್‌ನಂತಹ ನೋವುನಿವಾರಕ ನಾಯಿಯ ಜಠರದಲ್ಲಿ ಹುಣ್ಣು ತರಬಲ್ಲದು, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. 'ಪಶುವೈದ್ಯರು ಹೇಳದ ಯಾವ ಔಷಧಿಯನ್ನೂ ಕೊಡಬಾರದು' ಎಂದು ಬರವಣಿಗೆಯಲ್ಲಿಯೇ ತಿಳಿಸಿ.

ಎಲ್ಲ ನಾಯಿಗಳಿಗೂ ಸಲ್ಲದು

ಕೆಲವು ನಾಯಿಗಳನ್ನು ಎಷ್ಟೇ ಒಳ್ಳೆಯ ಕೇಂದ್ರದಲ್ಲಿಯೂ ಬಿಡುವುದು ಸೂಕ್ತವಲ್ಲ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವ ಮುದಿ ನಾಯಿಗಳು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವು, ಮೂರ್ಛೆರೋಗ ಹತೋಟಿಗೆ ಬಾರದವು, ಮನೆಯವರಲ್ಲಿ ಒಬ್ಬರೂ ಕಾಣದಿದ್ದರೆ ಊಟ ಬಿಡುವಂಥವು ಈ ಗುಂಪಿಗೆ ಸೇರುತ್ತವೆ. ಬೆದೆಗೆ ಬಂದ ಹೆಣ್ಣು ನಾಯಿಯನ್ನೂ ಬಿಡಬಾರದು. ಬೆದೆ ಸುಮಾರು ಮೂರು ವಾರ ಇರುವುದರಿಂದ ಪ್ರವಾಸದ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಂಥ ಸಂದರ್ಭಗಳಲ್ಲಿ ಬಂಧುಗಳನ್ನು ಮನೆಗೇ ಕರೆಸಿಕೊಳ್ಳುವುದು ಅಥವಾ ನಾಯಿಯನ್ನೇ ಜೊತೆಗೆ ಕರೆದೊಯ್ಯುವುದು ಉಳಿದ ದಾರಿ. ರೈಲಿನ ಪ್ರಥಮ ದರ್ಜೆಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ತಮಗೇ ಕಾದಿರಿಸಿಕೊಂಡವರು ನಿಗದಿತ ಶುಲ್ಕ ತೆತ್ತು ನಾಯಿಯನ್ನು ಜೊತೆಯಲ್ಲಿ ಇರಿಸಿಕೊಳ್ಳಲು ಅವಕಾಶವಿದೆ.

ಬಿಡಲೇಬೇಕೆಂದು ನಿರ್ಧರಿಸಿದವರು ಮೊದಲು ಒಂದು ಹಗಲು, ಅನಂತರ ಒಂದು ರಾತ್ರಿ ಬಿಟ್ಟು ನೋಡುವುದು ಒಳ್ಳೆಯದು. ಆ ಒಂದು ರಾತ್ರಿಯ ಖರ್ಚು ಹತ್ತು ದಿನಗಳ ಆತಂಕವನ್ನು ಉಳಿಸೀತು.

ಕಾನೂನು ಏನು ಹೇಳುತ್ತದೆ?

ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿ 2017ರಲ್ಲಿ, ಸಾಕುಪ್ರಾಣಿ ಅಂಗಡಿಗಳಿಗೆ ಸಂಬಂಧಿಸಿ 2018ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಹೊರಡಿಸಿದೆ. ಎರಡರ ಗಮನವೂ ಸಾಕಿ ಮಾರುವ ವ್ಯಾಪಾರದ ಮೇಲಿದೆ.  ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಇದೆಯೇ ಎಂದು ಕೇಳಬಹುದು. ಆದರೆ ಪರವಾನಗಿ ವ್ಯಾಪಾರದ ಅಸ್ತಿತ್ವಕ್ಕೆ ಸಾಕ್ಷಿಯೇ ಹೊರತು ಆರೈಕೆಯ ಗುಣಮಟ್ಟಕ್ಕಲ್ಲ.

ಹಾಗೆಂದು ಕಾನೂನಿನ ರಕ್ಷಣೆ ಇಲ್ಲವೇ ಇಲ್ಲವೆಂದಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 3ನೇ ಕಲಮು, ಪ್ರಾಣಿಯೊಂದನ್ನು ತನ್ನ ಸುಪರ್ದಿಯಲ್ಲಿ ಇರಿಸಿಕೊಂಡ ಪ್ರತಿಯೊಬ್ಬನೂ ಅದರ ಯೋಗಕ್ಷೇಮಕ್ಕೆ ಸಕಲ ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ಈ ಕಾಯಿದೆಯ ದೃಷ್ಟಿಯಲ್ಲಿ 'ಮಾಲೀಕ' ಎಂದರೆ ಸಾಕಿದವನಷ್ಟೇ ಅಲ್ಲ, ತಾತ್ಕಾಲಿಕವಾಗಿ ಪ್ರಾಣಿಯನ್ನು ವಶದಲ್ಲಿ ಇರಿಸಿಕೊಂಡವನೂ ಹೌದು. ಅಂದರೆ ಆ ಹತ್ತು ದಿನಗಳ ಮಟ್ಟಿಗೆ ಕೇಂದ್ರವೂ ಮಾಲೀಕನೇ. ಅಳತೆ ಸಾಲದ ಪಂಜರದಲ್ಲಿ ಕೂಡಿಹಾಕುವುದು, ಗಿಡ್ಡ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದು, ಅನ್ನ-ನೀರು-ನೆರಳು ಕೊಡದಿರುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು 11ನೇ ಕಲಮಿನಡಿ ಅಪರಾಧಗಳು. ಆದರೆ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ಅರವತ್ತು ವರ್ಷಗಳ ಹಿಂದಿನ ಈ ಮೊತ್ತ ಇಂದು ಯಾರನ್ನೂ ಹೆದರಿಸಲಾರದು.

ಬೇಕೆಂದೇ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಅಂಗಹೀನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬರಿಯ ಅಲಕ್ಷ್ಯ ಇದರ ವ್ಯಾಪ್ತಿಗೆ ಬರುವುದು ಕಷ್ಟ.

ಅಲಕ್ಷ್ಯದ ಪ್ರಕರಣಗಳಲ್ಲಿ ಹೆಚ್ಚು ಉಪಯುಕ್ತವಾಗುವುದು ಗ್ರಾಹಕ ಕಾನೂನು. ಹಣ ಪಡೆದು ನಾಯಿಯನ್ನು ನೋಡಿಕೊಳ್ಳುವುದು 'ಸೇವೆ'. ಅದರಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ಕೇಂದ್ರ ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಸಲಹೆ ಪಡೆಯಬಹುದು. ಇದಲ್ಲದೆ, 1872ರ ಕರಾರು ಕಾಯಿದೆಯ 151ನೇ ಕಲಮಿನಂತೆ ಇನ್ನೊಬ್ಬರ ಸ್ವತ್ತನ್ನು ವಶಕ್ಕೆ ಪಡೆದವನು ಸಾಮಾನ್ಯ ವಿವೇಕಿಯೊಬ್ಬ ತನ್ನ ಸ್ವಂತ ಸ್ವತ್ತಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ವಹಿಸಬೇಕು. ನಾಯಿಯನ್ನು ಸ್ವತ್ತೆಂದು ಕರೆಯುವುದು ಸಾಕಿದವರಿಗೆ ಹಿತವೆನಿಸದು; ಆದರೆ ಕಾನೂನಿನ ಲೆಕ್ಕ ಹಾಗಿದೆ.

ಸಹಿ ಹಾಕುವ ಮುನ್ನ

ದೂರಿಗೆ ಬಲ ಬರುವುದು ಕಾಗದಪತ್ರಗಳಿಂದ. 'ಏನೇ ಆದರೂ ಸಂಸ್ಥೆ ಜವಾಬ್ದಾರಿಯಲ್ಲ' ಎಂಬ ಸಾಲು ಅನೇಕ ಅರ್ಜಿಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ಓದದೆ ಸಹಿ ಹಾಕಬೇಡಿ. ಆ ಸಾಲನ್ನು ತೆಗೆಯಲು ಕೇಳಿ; ಒಪ್ಪದಿದ್ದರೆ ಯಾಕೆಂದು ಕೇಳಿ.

ಬಿಡುವ ದಿನ ನಾಯಿಯ ತೂಕ ನೋಡಿ ಇಬ್ಬರೂ ಬರೆದುಕೊಳ್ಳಿ. ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ. ಲಸಿಕೆ ಕಾರ್ಡಿನ ಪ್ರತಿ, ನಿಮ್ಮ ಪಶುವೈದ್ಯರ ದೂರವಾಣಿ, ನೀವು ಸಿಗದಿದ್ದರೆ ಊರಿನಲ್ಲಿಯೇ ಸಿಗುವ ಒಬ್ಬರ ಸಂಖ್ಯೆ ಕೊಡಿ. ತುರ್ತು ಚಿಕಿತ್ಸೆಗೆ ಎಷ್ಟು ಹಣದವರೆಗೆ ನಿಮ್ಮ ಒಪ್ಪಿಗೆಯಿದೆ ಎಂಬುದನ್ನು ಬರೆದುಕೊಡುವುದು ಬಹುಮುಖ್ಯ. ನಿಮ್ಮ ವಿಮಾನ ಆಕಾಶದಲ್ಲಿರುವಾಗ ಜರ್ಮನ್ ಶೆಫರ್ಡ್ ನಾಯಿಯ ಹೊಟ್ಟೆ ಉಬ್ಬಿ ಜಠರ ತಿರುಚಿಕೊಂಡರೆ ಶಸ್ತ್ರಚಿಕಿತ್ಸೆಗೆ ಇರುವುದು ಕೆಲವೇ ಗಂಟೆ. ಒಪ್ಪಿಗೆಗಾಗಿ ಕಾಯುತ್ತ ಕುಳಿತರೆ ಪ್ರಾಣ ಹೋಗುತ್ತದೆ.

ಕೊರಳಪಟ್ಟಿಯಲ್ಲಿ ಮೊಬೈಲ್ ಸಂಖ್ಯೆಯ ಬಿಲ್ಲೆ ಇರಲಿ. ಒಗೆಯದ ಹೊದಿಕೆಯೊಂದನ್ನು ಜೊತೆಗೆ ಕಳುಹಿಸಿ. ಮನೆಯ ವಾಸನೆ ನಾಯಿಗೆ ಸಮಾಧಾನ. ದಿನಕ್ಕೊಮ್ಮೆ ಚಿತ್ರ ಕಳುಹಿಸಲು ಹೇಳುವುದಾದರೆ ಚಿತ್ರದ ಜೊತೆಗೆ 'ಊಟ ಮಾಡಿತೇ, ಮಲ ಹೇಗಿತ್ತು' ಎಂಬ ಎರಡು ಮಾತನ್ನೂ ಕೇಳಿ. ಬಾಲ ಅಲ್ಲಾಡಿಸುವ ಚಿತ್ರಕ್ಕಿಂತ ಈ ಎರಡು ಉತ್ತರಗಳು ಹೆಚ್ಚು ಹೇಳುತ್ತವೆ.

ಮಾಲೀಕರ ಕರ್ತವ್ಯವೂ ಇದೆ. ಕಚ್ಚುವ ಅಭ್ಯಾಸವನ್ನು ಮುಚ್ಚಿಟ್ಟು ನಾಯಿಯನ್ನು ಬಿಡುವುದು ಅಲ್ಲಿನ ಕೆಲಸಗಾರರಿಗೆ ಮಾಡುವ ದ್ರೋಹ. ಹಿಂದಿರುಗುವುದು ತಡವಾದರೆ ತಿಳಿಸಬೇಕು, ಹಣ ತೆರಬೇಕು. ಬಿಟ್ಟು ಹೋದ ಮೇಲೆ ಫೋನೆತ್ತದೆ ಕೈತೊಳೆದುಕೊಳ್ಳುವುದು ಅಮಾನುಷ. ಹಸಿವು-ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅದೇ 11ನೇ ಕಲಮಿನಡಿ ಅಪರಾಧವೂ ಹೌದು.

ಮರಳಿ ಬಂದ ಮೇಲೆ

ಮನೆಗೆ ಬಂದ ನಾಯಿ ಒಂದೆರಡು ದಿನ ಹೆಚ್ಚು ನಿದ್ರಿಸುವುದು, ಮಲ ಸ್ವಲ್ಪ ಸಡಿಲವಾಗುವುದು ಸಾಮಾನ್ಯ. ಬಂದೊಡನೆ ಹೊಟ್ಟೆತುಂಬ ಉಣಿಸದೆ ಸ್ವಲ್ಪ ಸ್ವಲ್ಪವೇ ಕೊಡಿ. ಕಿವಿಯ ಹಿಂದೆ, ಬೆರಳ ಸಂದಿಗಳಲ್ಲಿ, ಕೊರಳಪಟ್ಟಿಯ ಕೆಳಗೆ ಉಣ್ಣೆಗಳಿವೆಯೇ ಹುಡುಕಿ. ಮತ್ತೆ ತೂಕ ನೋಡಿ.

ಒಂದು ದಿನಕ್ಕೂ ಹೆಚ್ಚು ಊಟ ಬಿಟ್ಟರೆ, ರಕ್ತಭೇದಿ, ಪದೇ ಪದೇ ವಾಂತಿ, ಬಿಡದ ಕೆಮ್ಮು, ಜ್ವರ, ಒಸಡು ಬಿಳಿಚಿಕೊಳ್ಳುವುದು ಕಂಡುಬಂದರೆ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೆನಲ್ ಕಾಫ್, ಪಾರ್ವೊ ರೋಗಗಳ ಲಕ್ಷಣ ಕಾಣಿಸಿಕೊಳ್ಳಲು ಎರಡು ವಾರ, ಉಣ್ಣೆಜ್ವರಕ್ಕೆ ಮೂರು ವಾರದವರೆಗೂ ಹಿಡಿಯಬಹುದು. ಆದ್ದರಿಂದ 'ಬಂದಾಗ ಚೆನ್ನಾಗಿಯೇ ಇತ್ತು' ಎಂದು ಮೈಮರೆಯುವಂತಿಲ್ಲ.

ಕೇಂದ್ರದಲ್ಲಿಯೇ ನಾಯಿ ಸತ್ತ ಸುದ್ದಿ ಬಂದರೆ ದುಃಖದ ನಡುವೆಯೂ ಒಂದು ಮಾತು ನೆನಪಿಡಬೇಕು. 'ನಾವೇ ಮಣ್ಣು ಮಾಡಿಬಿಡುತ್ತೇವೆ' ಎಂಬುದಕ್ಕೆ ಒಪ್ಪಬೇಡಿ. ಶವವನ್ನು ತಂಪಿನಲ್ಲಿ ಇರಿಸಲು ಹೇಳಿ, ಸರ್ಕಾರಿ ಪಶುವೈದ್ಯಕೀಯ ಆಸ್ಪತ್ರೆಯಲ್ಲಿ ಅಥವಾ ಪಶುವೈದ್ಯಕೀಯ ಕಾಲೇಜಿನಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ. ಸಾವು ಸಹಜವಾಗಿದ್ದರೆ ಕೇಂದ್ರದವರ ಮೇಲಿನ ಅನುಮಾನ ತೊಲಗುತ್ತದೆ. ಇಲ್ಲವಾದಲ್ಲಿ ಆ ವರದಿಯೊಂದೇ ನಾಯಿಯ ಪರವಾಗಿ ಮಾತನಾಡುವ ಸಾಕ್ಷಿ.

ಒಳ್ಳೆಯ ಕೇಂದ್ರಗಳು ಇಲ್ಲವೆಂದಲ್ಲ. ಹಬ್ಬದ ದಿನವೂ ತಮ್ಮ ಮನೆ ಬಿಟ್ಟು ಬಂದು ಇನ್ನೊಬ್ಬರ ನಾಯಿಗಳ ಗೂಡು ತೊಳೆದು, ಊಟ ಹಾಕಿ, ಪಕ್ಕದಲ್ಲಿ ಮಲಗುವವರಿದ್ದಾರೆ. ಇಂಥವರು ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ನಿಮಗಿಂತ ಹೆಚ್ಚು ಪ್ರಶ್ನೆಗಳನ್ನು ತಾವೇ ಕೇಳುತ್ತಾರೆ. ರಜೆಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗಲೇ ಅವರನ್ನು ಹುಡುಕಿ. ಕೊನೆಯ ವಾರದಲ್ಲಿ ಖಾಲಿ ಉಳಿದಿರುವ ಗೂಡು ಯಾಕೆ ಖಾಲಿ ಉಳಿದಿದೆ ಎಂಬುದನ್ನು ಯೋಚಿಸಬೇಕಾಗುತ್ತದೆ.